ರೇಡಿಯೊ ನಿಯಂತ್ರಿತ ವಿಮಾನ ವಿದ್ಯೆ: ಶಾಲೆಗಳಿಗೆ ಮೊದಲ ಸಲಕರಣೆಗಳ ಆಯ್ಕೆ

ಪೀಠಿಕೆ

ಹಾರಬೇಕೆಂಬ ಹಂಬಲವು ಮಾನವನಿಗೆ ಇಂದು ನಿನ್ನೆ ಹುಟ್ಟಿದುದಲ್ಲ. ನಮ್ಮ ಯಲಬುರ್ಗಾ ಸೀಮೆಯ ಎರೆ ಹೊಲಗಳ ಮೇಲೆ ಆಷಾಢದ ಗಾಳಿ ಬೀಸತೊಡಗಿದೊಡನೆ ಗಾಳಿಪಟ ಹಿಡಿದು ಓಡುವ ಹುಡುಗನಲ್ಲಿಯೂ ಆ ಹಂಬಲವೇ ಇದೆ. ಪಟದ ದಾರವನ್ನು ಕಿತ್ತೊಗೆದು, ಅದರ ಸ್ಥಾನದಲ್ಲಿ ಕಣ್ಣಿಗೆ ಕಾಣದ ರೇಡಿಯೊ ತರಂಗವನ್ನು ಇರಿಸಿದರೆ ಆಗುವುದೇ ರೇಡಿಯೊ ನಿಯಂತ್ರಿತ ವಿಮಾನ. ಇದು ಆಟಿಕೆಯೂ ಹೌದು, ಪ್ರಯೋಗಶಾಲೆಯೂ ಹೌದು. ಬಲ, ವೇಗ, ಗುರುತ್ವಕೇಂದ್ರ, ವಿದ್ಯುತ್ತು, ತರಂಗ ಎಂದು ಪಠ್ಯಪುಸ್ತಕದಲ್ಲಿ ಬೇರೆ ಬೇರೆ ಅಧ್ಯಾಯಗಳಲ್ಲಿ ಬರುವ ವಿಷಯಗಳೆಲ್ಲ ಇಲ್ಲಿ ಒಂದೇ ವಸ್ತುವಿನಲ್ಲಿ ಕೂಡಿ ಬರುತ್ತವೆ.

ಇತ್ತೀಚಿನ ವರ್ಷಗಳಲ್ಲಿ ಗ್ರಾಮಾಂತರ ಶಾಲೆಗಳಿಗೂ ಇಂತಹ ವಿಮಾನಗಳನ್ನು ಕೊಡಿಸಬೇಕೆಂಬ ಇಚ್ಛೆ ಹಳೆಯ ವಿದ್ಯಾರ್ಥಿಗಳಲ್ಲಿಯೂ ದಾನಿಗಳಲ್ಲಿಯೂ ಮೂಡುತ್ತಿರುವುದು ಸಂತೋಷದ ಸಂಗತಿ. ಆದರೆ ಈ ಸದಿಚ್ಛೆಯು ತಪ್ಪು ಆಯ್ಕೆಯಿಂದ ವ್ಯರ್ಥವಾಗುವ ಸಂಭವವು ಬಹಳ. ಸಾಮಾನ್ಯವಾಗಿ ಆಗುವುದು ಇಷ್ಟೆ: ವೇದಿಕೆಯ ಮೇಲೆ ಇಟ್ಟಾಗ ಶೋಭಿಸುವ, ಯುದ್ಧವಿಮಾನದ ರೂಪದ, ಅತಿವೇಗದ ಮಾದರಿಯೊಂದನ್ನು ಕೊಳ್ಳಲಾಗುತ್ತದೆ. ಅದು ಮೇಲೇರಿದ ಅರ್ಧ ನಿಮಿಷದೊಳಗೆ ನೆಲಕ್ಕೆ ಬಡಿದು ಚೂರಾಗುತ್ತದೆ. ಉಳಿದ ಭಾಗಗಳು ಕಪಾಟನ್ನು ಸೇರುತ್ತವೆ. ಹಾನಿಯು ಹಣಕ್ಕೆ ಮಾತ್ರ ಆದುದಲ್ಲ. ನೋಡುತ್ತ ನಿಂತಿದ್ದ ಮಕ್ಕಳು "ಇದು ನಮ್ಮಂಥವರಿಗಲ್ಲ" ಎಂಬ ಪಾಠವನ್ನು ಕಲಿತು ಮನೆಗೆ ಹೋಗುತ್ತಾರೆ. ಆ ಪಾಠವನ್ನು ಅಳಿಸುವುದು ಕಷ್ಟ. ಆದ್ದರಿಂದ ಮೊದಲ ಸಲಕರಣೆಗಳನ್ನು ಹೇಗೆ ಆರಿಸಬೇಕೆಂಬುದನ್ನು ಕ್ರಮವಾಗಿ ವಿವೇಚಿಸುವುದು ಈ ಲೇಖನದ ಉದ್ದೇಶ.

ಇತಿಹಾಸದಿಂದ ದೊರೆಯುವ ಪಾಠ

1871ರಲ್ಲಿ ಫ್ರಾನ್ಸಿನ ಆಲ್ಫೋನ್ಸ್ ಪೆನೋ ಎಂಬಾತನು ರಬ್ಬರಿನ ಎಳೆಯನ್ನು ಹೊಸೆದು ಅದರ ಶಕ್ತಿಯಿಂದ ಓಡುವ ಪುಟ್ಟ ವಿಮಾನವೊಂದನ್ನು ಪ್ಯಾರಿಸ್ಸಿನಲ್ಲಿ ಹಾರಿಸಿ ತೋರಿಸಿದನು. ಯಾರ ಕೈಯೂ ನಿಯಂತ್ರಿಸದೆಯೇ ಅದು ತಾನಾಗಿ ಸಮತೋಲದಲ್ಲಿ ಉಳಿಯಿತೆಂಬುದು ಅದರ ಹಿರಿಮೆ. ಪೆನೋನ ಮಾದರಿಯ ಹಾರುವ ಆಟಿಕೆಯೊಂದನ್ನು 1878ರಲ್ಲಿ ತಂದೆಯಿಂದ ಪಡೆದ ಇಬ್ಬರು ಬಾಲಕರೇ ಮುಂದೆ 1903ರಲ್ಲಿ ಜಗತ್ತಿನ ಮೊದಲ ಯಶಸ್ವಿ ವಿಮಾನವನ್ನು ಹಾರಿಸಿದ ರೈಟ್ ಸಹೋದರರು. 1898ರಲ್ಲಿ ನಿಕೋಲಾ ಟೆಸ್ಲಾ ರೇಡಿಯೊ ತರಂಗದಿಂದ ಪುಟ್ಟ ದೋಣಿಯೊಂದನ್ನು ನಡೆಸಿ ತೋರಿಸಿದನು. 1937ರಲ್ಲಿ ಅಮೆರಿಕದ ವಾಲ್ಟರ್ ಮತ್ತು ವಿಲಿಯಂ ಗುಡ್ ಎಂಬ ಅವಳಿ ಸಹೋದರರು ರೇಡಿಯೊದಿಂದ ನಿಯಂತ್ರಿಸಲಾದ ಮಾದರಿ ವಿಮಾನವನ್ನು ಹಾರಿಸಿ ಈ ಕ್ರೀಡೆಗೆ ಬುನಾದಿ ಹಾಕಿದರು. 2003ರಲ್ಲಿ ಮೇನಾರ್ಡ್ ಹಿಲ್ ಎಂಬ ವೃದ್ಧರು, ದೃಷ್ಟಿ ಬಹುಮಟ್ಟಿಗೆ ಕುಂದಿದ್ದರೂ, ಬಾಲ್ಸಾ ಮರದಿಂದ ಕಟ್ಟಿದ, 5 ಕಿಲೋಗ್ರಾಮಿಗೂ ಕಡಿಮೆ ತೂಕದ ಮಾದರಿಯನ್ನು ಕೆನಡಾದ ತೀರದಿಂದ ಐರ್ಲೆಂಡಿಗೆ ಅಟ್ಲಾಂಟಿಕ್ ಸಾಗರವನ್ನು ದಾಟಿಸಿದರು. 38 ಗಂಟೆಗಳಿಗೂ ಮೀರಿದ ಆ ಹಾರಾಟವು ಅತಿವೇಗದಿಂದಲ್ಲ, ಮಿತವ್ಯಯದಿಂದಲೂ ಸ್ಥಿರತೆಯಿಂದಲೂ ಸಾಧಿತವಾದುದು.

ನಮ್ಮ ನಾಡಿನ ನಿದರ್ಶನವು ಇನ್ನೂ ಬೋಧಪ್ರದವಾಗಿದೆ. 1940ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸಂಸ್ಥೆಯು ಸ್ವಾತಂತ್ರ್ಯಾನಂತರ ತನ್ನ ಸ್ವಂತ ವಿನ್ಯಾಸದ ವಿಮಾನವನ್ನು ಕಟ್ಟಲು ಹೊರಟಾಗ, ಡಾ. ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ರೂಪುಗೊಂಡದ್ದು ಎಚ್.ಟಿ.-2 ಎಂಬ ತರಬೇತಿ ವಿಮಾನ. ಅದು 1951ರ ಆಗಸ್ಟಿನಲ್ಲಿ ಮೊದಲ ಬಾರಿಗೆ ಹಾರಿತು. ಅದೇ ಕಾರ್ಖಾನೆಯಿಂದ ಎಚ್.ಎಫ್.-24 ಮರುತ್ ಯುದ್ಧವಿಮಾನವು ಮೇಲೇರಿದ್ದು 1961ರ ಜೂನ್ 17ರಂದು. ಮೊದಲು ಕಲಿಸುವ ವಿಮಾನ, ಹತ್ತು ವರ್ಷಗಳ ಅನಂತರ ಕಾದಾಡುವ ವಿಮಾನ. ಒಂದು ದೇಶವೇ ಅನುಸರಿಸಿದ ಈ ಕ್ರಮವನ್ನು ಒಂದು ಶಾಲೆಯು ಅನುಸರಿಸಲು ಹಿಂಜರಿಯಬೇಕಾಗಿಲ್ಲ.

ಹೊಸಬನು ಏಕೆ ಸೋಲುತ್ತಾನೆ?

ಸಲಕರಣೆಯನ್ನು ಆರಿಸುವ ಮುನ್ನ ತೊಡಕು ಎಲ್ಲಿದೆ ಎಂಬುದನ್ನು ಅರಿಯಬೇಕು. ಸೈಕಲ್ ಸವಾರನು ಸೈಕಲ್ಲಿನ ಮೇಲೆಯೇ ಕುಳಿತಿರುತ್ತಾನೆ. ಮಾದರಿ ವಿಮಾನದ ಚಾಲಕನಾದರೋ ನೆಲದ ಮೇಲೆ ನಿಂತಿರುತ್ತಾನೆ. ವಿಮಾನವು ಅವನಿಂದ ದೂರ ಹೋಗುತ್ತಿರುವಾಗ ಅದರ ಬಲವೇ ಇವನ ಬಲ. ಅದು ತಿರುಗಿ ಇವನತ್ತ ಬರತೊಡಗಿದೊಡನೆ ಅದರ ಬಲವು ಇವನ ಎಡವಾಗುತ್ತದೆ. ಗಾಬರಿಯಲ್ಲಿ ಸನ್ನೆಯನ್ನು ವಿರುದ್ಧ ದಿಕ್ಕಿಗೆ ಒತ್ತುತ್ತಾನೆ. ಓರೆಯಾದ ವಿಮಾನವು ಇನ್ನಷ್ಟು ಓರೆಯಾಗಿ ನೆಲಕ್ಕೆ ಬೀಳುತ್ತದೆ. ಹೊಸಬರ ಅಪಘಾತಗಳಲ್ಲಿ ಇದು ಅತಿ ಸಾಮಾನ್ಯವಾದುದು. ಇದಕ್ಕೆ ಅನುಭವಿಗಳು ಕಂಡುಕೊಂಡಿರುವ ಸೂತ್ರ ಸುಲಭವಾಗಿದೆ: ವಿಮಾನವು ನಿನ್ನತ್ತ ಬರುತ್ತಿರುವಾಗ ಯಾವ ರೆಕ್ಕೆ ತಗ್ಗಿದೆಯೋ ಆ ಕಡೆಗೇ ಸನ್ನೆಯನ್ನು ಒತ್ತು, ತಗ್ಗಿದ ರೆಕ್ಕೆಗೆ ಆನಿಕೆ ಕೊಟ್ಟಂತೆ ಎಂದು ತಿಳಿ.

ಈ ಸೂತ್ರವು ಬಾಯಿಪಾಠವಾದರೆ ಸಾಲದು, ಬೆರಳಿಗೆ ಇಳಿಯಬೇಕು. ಅದಕ್ಕೆ ಕಾಲಾವಕಾಶ ಬೇಕು. ಆ ಕಾಲಾವಕಾಶವನ್ನು ಕೊಡುವ ವಿಮಾನವೇ ಕಲಿಕೆಯ ವಿಮಾನ. ಮುಂದೆ ಹೇಳುವ ಎಲ್ಲ ಲಕ್ಷಣಗಳೂ ಈ ಒಂದು ತತ್ತ್ವದಿಂದಲೇ ಹೊರಡುತ್ತವೆ.

ವಿಮಾನದ ಲಕ್ಷಣಗಳು

ಮೊದಲನೆಯದಾಗಿ, ರೆಕ್ಕೆಯು ಒಡಲಿನ ಮೇಲ್ಭಾಗದಲ್ಲಿರಬೇಕು. ಎರಡು ರೆಕ್ಕೆಗಳ ತುದಿಗಳು ತುಸು ಮೇಲಕ್ಕೆ ಎತ್ತಿರಬೇಕು. ಇಂತಹ ರಚನೆಯಲ್ಲಿ ವಿಮಾನವು ಒಂದು ಬದಿಗೆ ವಾಲಿ ಜಾರತೊಡಗಿದಾಗ ತಗ್ಗಿದ ರೆಕ್ಕೆಗೆ ಗಾಳಿಯ ಒತ್ತಾಸೆ ಹೆಚ್ಚಿ, ಅದು ತಾನಾಗಿಯೇ ಸಮಸ್ಥಿತಿಗೆ ಮರಳಲು ಯತ್ನಿಸುತ್ತದೆ. ಚಾಲಕನಿಗೆ ದಿಕ್ಕು ತೋಚದಾಗ ಸನ್ನೆಗಳನ್ನು ಬಿಟ್ಟುಬಿಟ್ಟರೆ, ಸಾಕಷ್ಟು ಎತ್ತರವಿದ್ದಲ್ಲಿ, ವಿಮಾನವು ತನ್ನನ್ನು ತಾನೇ ಸರಿಪಡಿಸಿಕೊಳ್ಳುತ್ತದೆ. ಯುದ್ಧವಿಮಾನದ ಮಾದರಿಗಳಲ್ಲಿ ಈ ಗುಣವಿಲ್ಲ. ಅವುಗಳನ್ನು ರಚಿಸಿರುವುದೇ ಕ್ಷಿಪ್ರವಾಗಿ ಹೊರಳಲೆಂದು.

ಎರಡನೆಯದು ರೆಕ್ಕೆಯ ಹೊರೆ. ವಿಮಾನದ ಒಟ್ಟು ತೂಕವನ್ನು ರೆಕ್ಕೆಯ ವಿಸ್ತೀರ್ಣದಿಂದ ಭಾಗಿಸಿದರೆ ಇದು ದೊರೆಯುತ್ತದೆ. ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ರೆಕ್ಕೆಯ ಉದ್ದ 140 ಸೆಂ.ಮೀ., ಅಗಲ 20 ಸೆಂ.ಮೀ. ಆದರೆ ವಿಸ್ತೀರ್ಣ 2,800 ಚದರ ಸೆಂ.ಮೀ., ಅಂದರೆ 28 ಚದರ ಡೆಸಿಮೀಟರ್. ವಿಮಾನದ ತೂಕ 1,120 ಗ್ರಾಂ ಇದ್ದರೆ ಚದರ ಡೆಸಿಮೀಟರಿಗೆ 40 ಗ್ರಾಂ ಹೊರೆ ಬೀಳುತ್ತದೆ. ಇಂತಹ ವಿಮಾನವು ಗಂಟೆಗೆ ಸುಮಾರು 27 ಕಿ.ಮೀ. ವೇಗದವರೆಗೂ ಗಾಳಿಯಲ್ಲಿ ನಿಲ್ಲಬಲ್ಲುದು. ಇದೇ ತೂಕವನ್ನು ಅರ್ಧ ವಿಸ್ತೀರ್ಣದ ರೆಕ್ಕೆಯ ಮೇಲೆ ಹೇರಿದರೆ ಹೊರೆಯು 80 ಗ್ರಾಂ ಆಗುತ್ತದೆ. ಹಾರಲು ಬೇಕಾದ ಕನಿಷ್ಠ ವೇಗವು ಹೊರೆಯ ವರ್ಗಮೂಲಕ್ಕೆ ಅನುಗುಣವಾಗಿ ಏರುವುದರಿಂದ ಅದು ಸುಮಾರು 38 ಕಿ.ಮೀ. ಆಗುತ್ತದೆ. ನೆಲಕ್ಕೆ ಬಡಿಯುವಾಗಿನ ಚಲನಶಕ್ತಿಯಾದರೋ ಎರಡು ಪಟ್ಟು. ಕಲಿಯುವವನಿಗೆ ಯೋಚಿಸಲು ಸಮಯ ಕಡಿಮೆ, ಬಿದ್ದಾಗ ಪೆಟ್ಟು ಹೆಚ್ಚು. ಆದುದರಿಂದ ಚದರ ಡೆಸಿಮೀಟರಿಗೆ 30ರಿಂದ 45 ಗ್ರಾಂ ಹೊರೆಯ, 120ರಿಂದ 150 ಸೆಂ.ಮೀ. ರೆಕ್ಕೆಯ ವಿಮಾನವು ಶಾಲೆಗಳಿಗೆ ಯೋಗ್ಯ. ಇದಕ್ಕಿಂತ ತೀರ ಚಿಕ್ಕದಾದುದು ಅಗ್ಗವಾದರೂ ನಮ್ಮ ಬಯಲಿನ ಗಾಳಿಗೆ ತರಗೆಲೆಯಂತೆ ಹೊಯ್ದಾಡುತ್ತದೆ. ನೂರು ಮೀಟರ್ ದೂರದಲ್ಲಿ ಅದರ ತಲೆ ಯಾವುದು, ಬಾಲ ಯಾವುದು ಎಂದು ತಿಳಿಯುವುದೂ ಕಷ್ಟ.

ಮೂರನೆಯದು ವಸ್ತು. ಹಿಂದೆ ಬಾಲ್ಸಾ ಮರದ ವಿಮಾನಗಳೇ ಪ್ರಚಲಿತವಾಗಿದ್ದವು. ಹಗುರವಾದ ಮರದ ಮಹತ್ತ್ವವನ್ನು ನಮ್ಮ ಜಿಲ್ಲೆಯವರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಕಿನ್ನಾಳದ ಚಿತ್ರಗಾರರು ಹಗುರವಾದ ಮರವನ್ನೇ ಆರಿಸಿ, ಹುಣಸೆ ಬೀಜದ ಅಂಟಿನಿಂದ ಭಾಗಗಳನ್ನು ಕೂಡಿಸಿ ಗೊಂಬೆಗಳನ್ನು ಮಾಡುತ್ತ ಬಂದವರು. ಬಾಲ್ಸಾ ವಿಮಾನವನ್ನು ಕಟ್ಟುವುದೇ ಒಂದು ವಿದ್ಯಾಭ್ಯಾಸ. ಆದರೆ ವಾರಗಟ್ಟಲೆ ಕುಳಿತು ಕಟ್ಟಿದುದು ಒಂದೇ ಬಡಿತಕ್ಕೆ ಮುರಿದರೆ ಮಕ್ಕಳ ಮನಸ್ಸೂ ಮುರಿಯುತ್ತದೆ. ಆದುದರಿಂದ ಮೊದಲ ವಿಮಾನವು ಇ.ಪಿ.ಪಿ. ಅಥವಾ ಇ.ಪಿ.ಒ. ಎಂಬ ಬಾಗುವ ಗುಣದ ನೊರೆ ಪ್ಲಾಸ್ಟಿಕ್ಕಿನದಾಗಿರಲಿ. ಇದು ಮುರಿದರೂ ಹತ್ತು ನಿಮಿಷಗಳಲ್ಲಿ ಅಂಟಿಸಬಹುದು. ಸಾಮಾನ್ಯ ಥರ್ಮಾಕೋಲು ಅಗ್ಗವಾದರೂ ಗರಿಗರಿಯಾಗಿ ಒಡೆಯುತ್ತದೆ. ಅಲ್ಲದೆ ಕೆಲವು ಅಂಟುಗಳು ಅದನ್ನು ಕರಗಿಸುತ್ತವೆ. ಬಾಲ್ಸಾ ನಿರ್ಮಾಣವನ್ನು ಎರಡನೆಯ ವರ್ಷಕ್ಕೆ ಇಟ್ಟುಕೊಳ್ಳುವುದು ಯುಕ್ತ. ತಳ್ಳುಪಂಕವು ಮೂಗಿನಲ್ಲಿರದೆ ರೆಕ್ಕೆಯ ಹಿಂದೆ ಇರುವ ಮಾದರಿಗಳೂ ಉಂಟು. ಮೂಗು ನೆಲಕ್ಕೆ ತಗುಲಿದಾಗ ಅವುಗಳ ಪಂಕಕ್ಕೂ ಮೋಟಾರಿಗೂ ಹಾನಿ ಕಡಿಮೆ.

ಎಂಜಿನ್ನೋ, ವಿದ್ಯುತ್ತೋ?

ಗ್ಲೋ ಎಂಜಿನ್ನುಗಳು ಮೆಥನಾಲ್, ನೈಟ್ರೋಮೀಥೇನ್ ಹಾಗೂ ಎಣ್ಣೆಯ ಮಿಶ್ರಣದಿಂದ ಓಡುತ್ತವೆ. ನಮ್ಮ ಹೊಲಗಳ ಅಂಚಿನಲ್ಲಿ ಬೆಳೆಯುವ ಔಡಲದ ಎಣ್ಣೆಯೇ ಅವುಗಳ ಪ್ರಸಿದ್ಧ ಕೀಲೆಣ್ಣೆ ಎಂಬುದು ಸ್ವಾರಸ್ಯದ ಸಂಗತಿ. ಆದರೆ ಮೆಥನಾಲು ವಿಷ. ಅದರ ಜ್ವಾಲೆಯು ಹಗಲಿನಲ್ಲಿ ಕಣ್ಣಿಗೆ ಸರಿಯಾಗಿ ಕಾಣದು. ಶಾಲೆಯ ಮಟ್ಟಿಗೆ ವಿದ್ಯುತ್ ಮೋಟಾರೇ ಲೇಸು.

ಕುಂಚರಹಿತ ಮೋಟಾರುಗಳ ಮೇಲೆ 'ಕೆ.ವಿ.' ಎಂಬ ಸಂಖ್ಯೆಯಿರುತ್ತದೆ. ಇದು ಕಿಲೋವೋಲ್ಟ್ ಅಲ್ಲ. ಒಂದು ವೋಲ್ಟಿಗೆ, ಹೊರೆಯಿಲ್ಲದಾಗ, ನಿಮಿಷಕ್ಕೆ ಎಷ್ಟು ಸುತ್ತು ಎಂಬುದರ ಸೂಚಿ. ಕಲಿಕೆಯ ವಿಮಾನಕ್ಕೆ ಪ್ರತಿ ಕಿಲೋಗ್ರಾಮಿಗೆ 150ರಿಂದ 220 ವಾಟ್ ಶಕ್ತಿ ಸಾಕು. ಮೂರು ಕೋಶಗಳ ಲಿಥಿಯಂ ಪಾಲಿಮರ್ ಬ್ಯಾಟರಿಯ ಒತ್ತಡ 11.1 ವೋಲ್ಟ್, ಅದರಿಂದ 20 ಆಂಪಿಯರ್ ಪ್ರವಹಿಸಿದರೆ 222 ವಾಟ್. ಬ್ಯಾಟರಿಯ ಸಾಮರ್ಥ್ಯ 2,200 ಮಿಲಿ ಆಂಪಿಯರ್ ಗಂಟೆಯಾಗಿದ್ದು, ಸರಾಸರಿ 11 ಆಂಪಿಯರ್ ಖರ್ಚಾಗುತ್ತಿದ್ದರೆ ಅದು 12 ನಿಮಿಷಗಳಲ್ಲಿ ಪೂರ್ತಿ ಬರಿದಾಗುತ್ತದೆ. ಪೂರ್ತಿ ಬರಿದುಮಾಡಿದರೆ ಬ್ಯಾಟರಿ ಕೆಡುವುದರಿಂದ ಐದರಲ್ಲಿ ನಾಲ್ಕು ಪಾಲನ್ನು ಮಾತ್ರ ಬಳಸಬೇಕು. ಗಡಿಯಾರವನ್ನು 8 ನಿಮಿಷಕ್ಕೆ ಇಟ್ಟು, ಅದು ಕೂಗಿದೊಡನೆ ಇಳಿಸುವ ಶಿಸ್ತನ್ನು ಮೊದಲ ದಿನದಿಂದಲೇ ಕಲಿಸಬೇಕು.

ಪ್ರೇಷಕ ಯಂತ್ರ

ವಿಮಾನವು ಒಡೆಯುತ್ತದೆ, ಹೊಸದು ಬರುತ್ತದೆ. ಕೈಯಲ್ಲಿ ಹಿಡಿಯುವ ಪ್ರೇಷಕ ಯಂತ್ರವಾದರೋ, ಜೋಪಾನ ಮಾಡಿದರೆ ಹತ್ತು ವರ್ಷ ಬಾಳುತ್ತದೆ. ಆದ್ದರಿಂದ ಹಣವನ್ನು ತುಸು ಧಾರಾಳವಾಗಿ ವೆಚ್ಚಮಾಡಬೇಕಾದ ಸ್ಥಳ ಇದೇ. ಆಟಿಕೆಯ ಪೆಟ್ಟಿಗೆಯೊಳಗೆ ವಿಮಾನದೊಂದಿಗೆ ಬರುವ, ಬೇರೆ ವಿಮಾನಕ್ಕೆ ಹೊಂದದ ಯಂತ್ರವನ್ನು ಕೊಳ್ಳಬಾರದು.

ಹಿಂದಿನ ಕಾಲದ ಯಂತ್ರಗಳು 27, 35 ಅಥವಾ 72 ಮೆಗಾಹರ್ಟ್ಸಿನ ಪಟ್ಟಿಗಳಲ್ಲಿ ಕೆಲಸ ಮಾಡುತ್ತಿದ್ದವು. ಒಂದೇ ಆವರ್ತಾಂಕದಲ್ಲಿ ಇಬ್ಬರು ಯಂತ್ರ ಹಚ್ಚಿದರೆ ವಿಮಾನವು ಹಿಡಿತ ತಪ್ಪುತ್ತಿತ್ತು. 2005ರ ಸುಮಾರಿಗೆ ಬಂದ 2.4 ಗಿಗಾಹರ್ಟ್ಸಿನ ಯಂತ್ರಗಳು ತಮ್ಮ ಗ್ರಾಹಕವನ್ನು ಮಾತ್ರ ಗುರುತಿಸುವುದರಿಂದ ಆ ಭಯವು ಬಹುಮಟ್ಟಿಗೆ ನಿವಾರಣೆಯಾಗಿದೆ. ಹಳೆಯ ಪಟ್ಟಿಯ ಯಂತ್ರವನ್ನು ಯಾರಾದರೂ ಉಚಿತವಾಗಿ ಕೊಟ್ಟರೂ ಹಾರಾಟಕ್ಕೆ ಬಳಸದೆ ಪ್ರದರ್ಶನಕ್ಕೆ ಇಡುವುದು ಒಳ್ಳೆಯದು.

ಕೊಳ್ಳುವಾಗ ನೋಡಬೇಕಾದವು ನಾಲ್ಕು. ಒಂದು, ಆರು ವಾಹಿನಿಗಳಿರಲಿ. ಕಲಿಕೆಗೆ ವೇಗ, ಎಲಿವೇಟರ್, ಚುಕ್ಕಾಣಿ ಎಂಬ ಮೂರು ಸಾಕು, ಏಲೆರಾನ್ ಸೇರಿದರೆ ನಾಲ್ಕು. ಉಳಿದವು ಮುಂದಿನ ಬೆಳವಣಿಗೆಗೆ. ಎರಡು, ಸಂಪರ್ಕ ತಪ್ಪಿದಾಗ ಮೋಟಾರು ತಾನಾಗಿ ನಿಲ್ಲುವ ಸುರಕ್ಷಾ ವ್ಯವಸ್ಥೆ ಇರಬೇಕು. ಮೂರು, ವೇಗದ ಸನ್ನೆಯು ಎಡಗೈಗೆ ಬರುವ 'ಮೋಡ್ 2' ಪದ್ಧತಿಯಿರಲಿ. ನಮ್ಮ ದೇಶದಲ್ಲಿ ಬಹುಮಂದಿ ಬಳಸುವುದು ಇದನ್ನೇ ಆದುದರಿಂದ ಕಲಿಸುವವರು ಸುಲಭವಾಗಿ ದೊರೆಯುತ್ತಾರೆ. ನಾಲ್ಕನೆಯದು ಶಾಲೆಗೆ ಅತ್ಯಂತ ಮುಖ್ಯವಾದುದು: ಗುರು-ಶಿಷ್ಯರ ಎರಡು ಯಂತ್ರಗಳನ್ನು ಜೋಡಿಸುವ ಸೌಲಭ್ಯ. ಶಿಷ್ಯನು ಹಾರಿಸುತ್ತಿರುವಾಗ ಗುರುವಿನ ಬೆರಳು ಒಂದು ಗುಂಡಿಯ ಮೇಲಿರುತ್ತದೆ. ಶಿಷ್ಯನು ತಡವರಿಸಿದೊಡನೆ ಗುಂಡಿಯನ್ನು ಬಿಟ್ಟರೆ ಹಿಡಿತವು ಗುರುವಿಗೆ ಬರುತ್ತದೆ. ಈ ಒಂದು ಸೌಲಭ್ಯದಿಂದ ಒಂದೇ ವಿಮಾನವು ಹತ್ತಾರು ಮಕ್ಕಳಿಗೆ ಕಲಿಸಬಲ್ಲುದು.

ಕೊಳ್ಳುವ ಕ್ರಮ

ವಿಮಾನವನ್ನು ಕೊಳ್ಳುವುದು ಮೊದಲ ಹೆಜ್ಜೆಯಲ್ಲ, ಮೂರನೆಯ ಹೆಜ್ಜೆ. ಮೊದಲನೆಯದು ಕೈಯಿಂದ ಎಸೆಯುವ ಗ್ಲೈಡರ್. ಡ್ರಾಯಿಂಗ್ ಹಾಳೆ ಅಥವಾ ತೆಳು ಥರ್ಮಾಕೋಲಿನಿಂದ ಪ್ರತಿಯೊಬ್ಬ ವಿದ್ಯಾರ್ಥಿಯೂ ಇದನ್ನು ಮಾಡಬಹುದು. ರೆಕ್ಕೆಯ ಮುಂದಂಚಿನಿಂದ ಅಗಲದ ನಾಲ್ಕನೆಯ ಒಂದು ಭಾಗದಿಂದ ಮೂರನೆಯ ಒಂದು ಭಾಗದೊಳಗೆ ಗುರುತ್ವಕೇಂದ್ರವಿರಬೇಕೆಂಬುದನ್ನು ಮೂಗಿಗೆ ಮಣ್ಣಿನ ಉಂಡೆ ಅಂಟಿಸಿ, ತೆಗೆದು, ತಾವೇ ಕಂಡುಕೊಳ್ಳಲಿ. ತೂಕ ಹಿಂದಾದರೆ ವಿಮಾನ ತಲೆಯೆತ್ತಿ ನಿಂತು ಕುಸಿಯುತ್ತದೆ. ಮುಂದಾದರೆ ನೇರವಾಗಿ ಮೂಗು ಇಳಿಸುತ್ತದೆ. ಪೆನೋ ಕಂಡ ಸತ್ಯವನ್ನು ಹತ್ತು ರೂಪಾಯಿಯ ಹಾಳೆಯಲ್ಲಿ ಕಾಣಬಹುದು.

ಎರಡನೆಯದು ಪ್ರೇಷಕ ಯಂತ್ರ ಮತ್ತು ಕಂಪ್ಯೂಟರಿನಲ್ಲಿ ಹಾರಿಸುವ ಸಿಮ್ಯುಲೇಟರ್ ತಂತ್ರಾಂಶ. ಯಂತ್ರವನ್ನು ತಂತಿಯಿಂದ ಶಾಲೆಯ ಕಂಪ್ಯೂಟರಿಗೆ ಜೋಡಿಸಿದರೆ ಪರದೆಯ ಮೇಲಿನ ವಿಮಾನವು ನಿಜವಾದುದರಂತೆಯೇ ವರ್ತಿಸುತ್ತದೆ. ಎಡಬಲಗಳ ಗೊಂದಲವು ತೀರುವವರೆಗೆ ಮಕ್ಕಳು ಇಲ್ಲಿಯೇ ನೂರು ಬಾರಿ ಬೀಳಿಸಲಿ. ಖರ್ಚು ಒಂದು ಪೈಸೆಯೂ ಇಲ್ಲ. ಅಟಲ್ ಟಿಂಕರಿಂಗ್ ಪ್ರಯೋಗಾಲಯವಿರುವ ಶಾಲೆಗಳಲ್ಲಿ ಬೆಸುಗೆಯ ಉಪಕರಣಗಳೂ ಇರುವುದರಿಂದ ಇನ್ನೂ ಅನುಕೂಲ. ಮೂರನೆಯದಾಗಿ ಮೇಲೆ ಹೇಳಿದ ಲಕ್ಷಣಗಳ ವಿಮಾನ. ಅದರೊಡನೆ ಎರಡು ಬ್ಯಾಟರಿಗಳು, ಕೋಶಗಳನ್ನು ಸಮತೋಲಗೊಳಿಸುವ ಉತ್ತಮ ಚಾರ್ಜರು, ಆರು ಹೆಚ್ಚುವರಿ ಪಂಕಗಳು, ಅಂಟು. ಹಣ ಸಾಲದಿದ್ದರೆ ವಿಮಾನದ ಬೆಲೆಯಲ್ಲಿ ಕಡಿತ ಮಾಡಿ; ಚಾರ್ಜರಿನಲ್ಲಿ ಮಾಡಬೇಡಿ.

ಸುರಕ್ಷತೆ

ಚಾರ್ಜರಿನ ವಿಷಯದಲ್ಲಿ ಇಷ್ಟು ಒತ್ತಿ ಹೇಳಲು ಕಾರಣವುಂಟು. ಲಿಥಿಯಂ ಪಾಲಿಮರ್ ಕೋಶವು ಪೂರ್ತಿ ತುಂಬಿದಾಗ 4.2 ವೋಲ್ಟ್. ಅದಕ್ಕಿಂತ ಮೇಲೆ ತುಂಬಿದರೆ, ಅಥವಾ ಪೆಟ್ಟು ಬಿದ್ದು ಉಬ್ಬಿದುದನ್ನು ಮತ್ತೆ ತುಂಬಿದರೆ ಬೆಂಕಿ ಏಳಬಹುದು. 2,200ರ ಬ್ಯಾಟರಿಗೆ 2.2 ಆಂಪಿಯರಿನಂತೆ ಸುಮಾರು ಒಂದು ಗಂಟೆ ತುಂಬಿಸಬೇಕು. ಈ ಕಾರ್ಯವು ಶಿಕ್ಷಕರ ಎದುರಿನಲ್ಲಿ, ಕಾಗದ-ಬಟ್ಟೆಗಳಿಂದ ದೂರವಾಗಿ, ಮರಳಿನ ಬಕೆಟ್ಟನ್ನು ಪಕ್ಕದಲ್ಲಿಟ್ಟುಕೊಂಡು ನಡೆಯಬೇಕು. ರಾತ್ರಿಯಿಡೀ ಹಚ್ಚಿಟ್ಟು ಮಲಗುವುದು ಎಂದಿಗೂ ಕೂಡದು. ವಾರಗಟ್ಟಲೆ ಹಾರಿಸುವುದಿಲ್ಲವೆಂದಾದರೆ ಪ್ರತಿ ಕೋಶವನ್ನು 3.8 ವೋಲ್ಟಿನಷ್ಟರಲ್ಲಿ ಇಡಬೇಕು.

ಪಂಕವನ್ನೂ ಹಗುರವಾಗಿ ಎಣಿಸಲಾಗದು. 10 ಅಂಗುಲದ ಪಂಕವು ನಿಮಿಷಕ್ಕೆ 9,000 ಸುತ್ತು ತಿರುಗುವಾಗ ಅದರ ತುದಿಯ ವೇಗವು ಸೆಕೆಂಡಿಗೆ ಸುಮಾರು 120 ಮೀಟರ್, ಅಂದರೆ ಗಂಟೆಗೆ 430 ಕಿ.ಮೀ. ಬ್ಯಾಟರಿಯನ್ನು ಜೋಡಿಸಿದ ಕ್ಷಣದಿಂದಲೇ ಮೋಟಾರು ತಿರುಗಬಹುದೆಂದು ಭಾವಿಸಿ ಎಲ್ಲರೂ ಪಂಕದ ಹಿಂದೆ ನಿಲ್ಲಬೇಕು. ಕೋಣೆಯೊಳಗೆ ಪರೀಕ್ಷಿಸುವಾಗ ಪಂಕವನ್ನು ಕಳಚಿಡಬೇಕು. ಮೊದಲು ಪ್ರೇಷಕವನ್ನು ಹಚ್ಚಿ ಅನಂತರ ವಿಮಾನದ ಬ್ಯಾಟರಿಯನ್ನು ಜೋಡಿಸುವುದು, ಬಿಡಿಸುವಾಗ ಇದರ ವಿಪರ್ಯಯ ಕ್ರಮ; ಇದನ್ನು ಗೋಡೆಯ ಮೇಲೆ ಬರೆದಿಡುವುದು ಒಳ್ಳೆಯದು.

ನಮ್ಮ ಬಯಲು, ನಮ್ಮ ಗಾಳಿ

ಯಲಬುರ್ಗಾ, ಕುಕನೂರುಗಳ ಬಯಲಿನಲ್ಲಿ ಸಾಲುಸಾಲಾಗಿ ನಿಂತಿರುವ ಗಾಳಿಯಂತ್ರಗಳೇ ನಮ್ಮ ಗಾಳಿಯ ಬಲಕ್ಕೆ ಸಾಕ್ಷಿ. ವಿದ್ಯುತ್ ಉತ್ಪಾದನೆಗೆ ವರವಾದ ಗಾಳಿಯು ಹೊಸ ಚಾಲಕನಿಗೆ ಶತ್ರು. ಗಂಟೆಗೆ 35 ಕಿ.ಮೀ. ವೇಗದ ವಿಮಾನವನ್ನು 25 ಕಿ.ಮೀ. ಗಾಳಿಯಲ್ಲಿ ಬಿಟ್ಟರೆ ಎದುರುಗಾಳಿಯಲ್ಲಿ ಅದು ನೆಲದ ಮೇಲೆ ಕ್ರಮಿಸುವುದು 10 ಕಿ.ಮೀ. ಮಾತ್ರ, ಗಾಳಿಯ ಜೊತೆಗೆ ತಿರುಗಿದರೆ 60 ಕಿ.ಮೀ. ಕ್ಷಣಾರ್ಧದಲ್ಲಿ ಅದು ಕಣ್ಮರೆಯಾಗುತ್ತದೆ. ಆದ್ದರಿಂದ ಆಷಾಢ, ಶ್ರಾವಣಗಳು ಗಾಳಿಪಟಕ್ಕೆ ಇರಲಿ, ಸಿಮ್ಯುಲೇಟರಿಗೆ ಇರಲಿ. ಮುಂಗಾರಿನ ಗಾಳಿ ತಗ್ಗಿದ ಮೇಲೆ, ನವೆಂಬರಿನಿಂದ ಫೆಬ್ರವರಿಯವರೆಗಿನ ಮುಂಜಾವುಗಳು ಕಲಿಕೆಗೆ ಪ್ರಶಸ್ತ. ಸೂರ್ಯೋದಯದಿಂದ ಒಂದೆರಡು ಗಂಟೆಗಳ ಕಾಲ ಗಾಳಿಯು ಬಹುಶಃ ಶಾಂತವಾಗಿರುತ್ತದೆ. ಬೇಸಿಗೆಯ ನಡುಹಗಲು ಕಾದ ನೆಲದಿಂದ ಸುಂಟರಗಾಳಿ ಏಳುವುದರಿಂದ ಆ ಹೊತ್ತು ತ್ಯಾಜ್ಯ.

ಸುಗ್ಗಿ ಮುಗಿದ ಎರೆ ಹೊಲವು ಮೃದುವಾದ ಇಳಿದಾಣ. ಆದರೆ ಬಾಯ್ದೆರೆದ ಬಿರುಕುಗಳಲ್ಲಿ ಗಾಲಿ ಸಿಕ್ಕಿಕೊಳ್ಳುವುದರಿಂದ ಗಾಲಿಗಳನ್ನು ತೆಗೆದು, ಕೈಯಿಂದ ಎಸೆದು ಹಾರಿಸಿ, ಹೊಟ್ಟೆಯ ಮೇಲೆ ಇಳಿಸುವುದು ಸುಲಭ. ಬೆಳೆ ನಿಂತಿರುವ ಹೊಲ, ವಿದ್ಯುತ್ ತಂತಿ, ಗಾಳಿಯಂತ್ರ, ರಸ್ತೆ, ಜನಜಾತ್ರೆ ಇವುಗಳಿಂದ ದೂರವಿರಬೇಕು. ಹೊಲದ ಒಡೆಯರ ಒಪ್ಪಿಗೆಯನ್ನು ಮುಂಚಿತವಾಗಿ ಪಡೆಯುವುದು ಸೌಜನ್ಯವೂ ಹೌದು, ಕರ್ತವ್ಯವೂ ಹೌದು.

ಕಾನೂನನ್ನೂ ಅರಿತಿರಬೇಕು. 2021ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರವು ಹೊರಡಿಸಿದ ಡ್ರೋನ್ ನಿಯಮಗಳು ಮಾದರಿ ವಿಮಾನಗಳಿಗೂ ಅನ್ವಯಿಸುತ್ತವೆ. 250 ಗ್ರಾಮಿನಿಂದ 2 ಕಿಲೋಗ್ರಾಂವರೆಗಿನವು 'ಮೈಕ್ರೋ' ವರ್ಗದವು; ವಾಣಿಜ್ಯೇತರ ಉದ್ದೇಶಕ್ಕೆ ಅವುಗಳನ್ನು ಹಾರಿಸಲು ಚಾಲಕ ಪರವಾನಗಿಯು ಬೇಕೆಂದು ಆ ನಿಯಮಗಳು ವಿಧಿಸಿಲ್ಲ. ವಿಮಾನವನ್ನು ನೋಂದಾಯಿಸಿ ಗುರುತಿನ ಸಂಖ್ಯೆ ಪಡೆಯುವುದು, ಡಿಜಿಟಲ್ ಸ್ಕೈ ಭೂಪಟದಲ್ಲಿ ತಮ್ಮ ಸ್ಥಳವು ಹಸುರು ವಲಯದಲ್ಲಿದೆಯೆಂದು ಖಚಿತಪಡಿಸಿಕೊಳ್ಳುವುದು ಮುಖ್ಯಾಧ್ಯಾಪಕರ ಹೊಣೆ. ಹಸುರು ವಲಯದಲ್ಲಿಯೂ 120 ಮೀಟರ್ ಎತ್ತರವೇ ಮಿತಿ. ಕಲಿಯುವವನಿಗೆ 50 ಮೀಟರ್ ಸಾಕು.

ಉಪಸಂಹಾರ

ದಾನಿಗಳಲ್ಲಿ ಒಂದು ವಿನಂತಿ. ನೊರೆ ಪ್ಲಾಸ್ಟಿಕ್ಕಿನ ಈ ಸಾಧಾರಣ ವಿಮಾನವು ಸಮಾರಂಭದ ವೇದಿಕೆಯ ಮೇಲೆ ಅಷ್ಟೇನೂ ಶೋಭಿಸದು. ನಾಲ್ಕು ಬಾರಿ ಅಂಟಿಸಿದ ಕಲೆಗಳು ಅದರ ಮೈಮೇಲೆ ಇರುತ್ತವೆ. ಆದರೆ ಆ ಒಂದೊಂದು ಕಲೆಯೂ ಒಂದೊಂದು ಪಾಠದ ಗುರುತು. ತಾವು ಕೊಡುವ ಹಣವನ್ನು ಒಂದೇ ಬಾರಿಗೆ ಒಂದು ದೊಡ್ಡ ವಸ್ತುವಿಗೆ ವಿನಿಯೋಗಿಸದೆ, ಪ್ರತಿವರ್ಷ ಪಂಕ, ಬ್ಯಾಟರಿ, ಅಂಟುಗಳಿಗೆ ಸ್ವಲ್ಪ ಉಳಿಯುವಂತೆ ಏರ್ಪಡಿಸಿದರೆ ಆ ವಿಮಾನವು ಕಪಾಟನ್ನು ಸೇರದೆ ಹಾರುತ್ತಲೇ ಇರುತ್ತದೆ. ಶಿಕ್ಷಕರೊಬ್ಬರು ಮೊದಲು ಕಲಿಯಲು ತಗಲುವ ಪ್ರಯಾಣ ಮತ್ತು ಸಮಯಕ್ಕೂ ಆ ನಿಧಿಯಲ್ಲಿ ಪಾಲಿರಲಿ. ಕಲಿಸುವವರಿಲ್ಲದ ಸಲಕರಣೆಯು ಎಣ್ಣೆಯಿಲ್ಲದ ಹಣತೆ.

ಎನ್.ಸಿ.ಸಿ.ಯ ವಾಯು ವಿಭಾಗದ ವಿದ್ಯಾರ್ಥಿಗಳಿಗೆ ಮಾದರಿ ವಿಮಾನ ವಿದ್ಯೆಯು ತರಬೇತಿಯ ಅಂಗವೇ ಆಗಿದೆ. ಇಂತಹ ಅವಕಾಶವು ನಗರದ ಮಕ್ಕಳಿಗೆ ಮಾತ್ರ ಮೀಸಲಾಗಬೇಕಾದ ಕಾರಣವಿಲ್ಲ. ಹಾರಾಟಕ್ಕೆ ಬೇಕಾದ ಮೊದಲ ವಸ್ತು ವಿಶಾಲವಾದ ಬಯಲು. ಅದನ್ನು ನಗರದವರು ಹುಡುಕಿಕೊಂಡು ಹೋಗಬೇಕು, ನಮಗೆ ಅದು ಶಾಲೆಯ ಹಿತ್ತಿಲಿನಲ್ಲಿಯೇ ಇದೆ. ಉಳಿದುದನ್ನು ವಿವೇಕದಿಂದ ಆರಿಸಿ ಒದಗಿಸಿದರೆ, ಈ ಸೀಮೆಯ ಮಕ್ಕಳು ತಲೆಯೆತ್ತಿ ನೋಡುವ ವಿಮಾನದ ಸನ್ನೆಯು ಅವರ ಕೈಯಲ್ಲಿಯೇ ಇರುವಂತಾಗುತ್ತದೆ.